ವಿಲ್ಮಾಳ ಕೋಣೆಯ ನೆಲ

ಹಾಪಸಾಲ್ಮಿ
ಮಾರ್ಚ್ 9

ಪ್ರೀತಿಯ ಅಮ್ಮ,

ಬೆಳಗಿನ ಹೊತ್ತು ನಿನ್ನ ಗಂಟಲಿನಿಂದ ಈಗ ಒಂದೆರಡು ಮಾತು ಗಟ್ಟಿಯಾಗಿಯೇ ಬರುತ್ತದೆ ಎಂದು ಲೆಂಪಿ ದೊಡ್ಡಮ್ಮ ಫೋನಿನಲ್ಲಿ ಹೇಳಿದರು. ಬೆಕ್ಕಿಗೆ ಬೈಯುವಷ್ಟು ಬರುತ್ತದಂತೆ. ಕೇಳಿ ಅಡುಗೆಮನೆಯಲ್ಲಿ ನಿಂತೇ ಅತ್ತುಬಿಟ್ಟೆ. ಹಾಗಂತ ನನ್ನ ಜೊತೆ ಫೋನಿನಲ್ಲಿ ಮಾತಾಡುವ ಸಾಹಸಕ್ಕೆ ಇಳಿಯಬೇಡ. ಇಷ್ಟು ವರ್ಷ ಕಾಗದದಲ್ಲೇ ಬೈಸಿಕೊಂಡಿದ್ದೇನೆ, ಇನ್ನೂ ಸ್ವಲ್ಪ ದಿನ ಬೈಸಿಕೊಳ್ಳುತ್ತೇನೆ.

ಶಾಲೆಯ ಕೆಲಸ ಜೋರಾಗಿ ನಡೆದಿದೆ, ನೀನು ಪಾಠ ಹೇಳುತ್ತಿದ್ದ ಹಳೆಯ ಶಾಲೆಯನ್ನು ಕೆಡವಿದ ಜಾಗದಲ್ಲೇ. ಗೋಡೆ, ನೆಲ, ಛಾವಣಿ ಎಲ್ಲ ಮರ, ಅದೂ ನಮ್ಮ ಪುರಸಭೆಯ ಕಾಡಿನದೇ. ಕಟ್ಟಡಕ್ಕೆ ಬೇಕಾದ ಬಿಸಿ ಭೂಮಿಯ ಆಳದಿಂದ ಬರುತ್ತದೆ; ಹೊಗೆ ಇಲ್ಲ, ಎಣ್ಣೆ ಇಲ್ಲ. ಇಂಥ ಹಸಿರು ಕಟ್ಟಡ ಫಿನ್ಲೆಂಡಿನ ಈ ಸೀಮೆಯಲ್ಲಿ ಇನ್ನೊಂದಿಲ್ಲ, ಅದರ ಇಡೀ ಉಸ್ತುವಾರಿ ನಿನ್ನ ಮಗಳದು. ಕಟ್ಟಡದ ಮೇಲೆ ದೊಡ್ಡ ಬಿಳಿ ಡೇರೆ ಹೊದಿಸಿ ಅದರೊಳಗೇ ಕೆಲಸ ಮಾಡುತ್ತಿದ್ದೇವೆ. ಮರಕ್ಕೆ ನೀರು ತಾಗಬಾರದು. ತಾಗಿದರೆ ಅದು ಒಣಗುವ ತನಕ ಕೆಲಸ ನಿಲ್ಲಬೇಕು. ನನ್ನ ಕಾನೂನು ಅದೊಂದೇ. ನಮ್ಮ ಮೇಸ್ತ್ರಿ ರೈಮೋ ದಿನಾ ಗೇಲಿ ಮಾಡುತ್ತಾನೆ. “ಕಟ್ಟಡಕ್ಕೆ ನೆಗಡಿ ಆಗುತ್ತೆ ಅಂತ ಛತ್ರಿ ಹಿಡ್ಕೊಂಡು ನಿಂತವಳನ್ನ ನಾನು ಇದೇ ಮೊದಲು ನೋಡಿದ್ದು ಕಣಮ್ಮ!”

ಏಪ್ರಿಲ್ ಕೊನೆಗೆ ಛಾವಣಿಯ ತೊಲೆಗಳು ಕೂರುತ್ತವೆ. ಆವತ್ತು ಕಟ್ಟಡದ ನೆತ್ತಿಯ ಮೇಲೆ ಸ್ಪ್ರೂಸ್ ಮರದ ಸೊಪ್ಪಿನ ಹಾರ ಕಟ್ಟಿ, ಆಳುಗಳಿಗೆಲ್ಲ ಬಟಾಣಿ ಸೂಪು ಬಡಿಸುವ ಹಬ್ಬ. ಊರಿಗೆ ಊರೇ ಬರುತ್ತದೆ. ನೀನೂ ಬರಬೇಕು. ಪುರಸಭೆಯ ಮುಖ್ಯಸ್ಥ ಹೈನೋನೆನ್ ನಿನ್ನ ವಿಷಯವಾಗಿ ನಾಲ್ಕು ಮಾತು ಆಡುತ್ತಾನೆ, ಎಲ್ಲರ ಮುಂದೆ. ನಾನೇ ಕೇಳಿದೆ, ಒಪ್ಪಿಕೊಂಡಿದ್ದಾನೆ. ಮುಂದಿನ ಸಾಲಿನ ಕುರ್ಚಿ ನಿನಗೆ.

ನಿನ್ನ ಮೆರ್ವಿ

*

ಇನಾರಿ
ಮಾರ್ಚ್ 20

ಮೆರ್ವಿ ಮಗಳೇ,

ಬೆಕ್ಕಿಗೆ ಬೈಯಲು ದನಿ ಬೇಕಿಲ್ಲ, ಪೊರಕೆ ತೋರಿಸಿದರೆ ಸಾಕು. ಲೆಂಪಿ ಹೇಳಿದ್ದರಲ್ಲಿ ಅರ್ಧ ಮಾತ್ರ ನಂಬು. ಆದರೆ ಆ ಅರ್ಧ ನಿಜ. ಬೆಳಿಗ್ಗೆ ಏಳುತ್ತಲೇ ಏನೋ ಒಂದು ದನಿ ಬರುತ್ತದೆ, ತುಕ್ಕು ಹಿಡಿದ ಬಾಗಿಲಿನ ಹಾಗೆ. ಕಾಫಿ ಮುಗಿಯುವಷ್ಟರಲ್ಲಿ ಮತ್ತೆ ಪಿಸುಮಾತು.

ಬರಲೋ ಬೇಡವೋ ಎಂದು ವಾರವಿಡೀ ಯೋಚಿಸಿದೆ. ನಿನಗೆ ಆಗ ನಿನ್ನ ಓದೇ ಓದು, ಊರಿನಲ್ಲಿ ಏನೇನಾಯಿತು ಎಂದು ನಾನು ಪೂರ್ತಿ ಹೇಳಿಯೂ ಇಲ್ಲ. ನನ್ನ ತರಗತಿಯಲ್ಲಿ ಬೂಷ್ಟಿನ ವಾಸನೆ ಬರುತ್ತಿದೆ, ಗಂಟಲು ಕಟ್ಟುತ್ತಿದೆ ಎಂದು ಹೇಳಲು ಇದೇ ಹೈನೋನೆನ್ ಹತ್ತಿರ ಹೋಗಿದ್ದೆ. ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟ. “ನಿನಗೆ ಹಾಗೆ ಅನಿಸ್ತಾ ಇದೆ ಅಷ್ಟೇ, ಐಲಿ. ಸ್ವಲ್ಪ ರಜೆ ತಗೋ” ಅಂದ. ಎಷ್ಟು ಮೃದುವಾಗಿ ಅಂದ ಗೊತ್ತೇ! ಹೊಡೆದಿದ್ದರೆ ವಾಸಿಯಿತ್ತು. ಆಮೇಲೆ ನಾನು ಅಂಗಡಿಗೆ ಹೋದರೆ ಗಂಡಸರು ಮೂಗು ಎಳೆದು “ಏನೋ ವಾಸನೆ ಬರ್ತಿದೆಯಲ್ಲಾ” ಎಂದು ನಗುತ್ತಿದ್ದರು. ಒಂದು ದಿನ ಮಗ್ಗಿ ಹೇಳಿಸುತ್ತಿರುವಾಗಲೇ ದನಿ ನಿಂತುಹೋಯಿತು. ನಾನು ಊರು ಬಿಟ್ಟ ಮೇಲೆ ಮಕ್ಕಳಿಗೆ ಕೆಮ್ಮು ಶುರುವಾಗಿ, ಗೋಡೆ ಒಡೆದು ನೋಡಿದರು. ಒಳಗೆಲ್ಲ ಕಪ್ಪು. ಆಗಲೂ ಒಬ್ಬನೇ ಒಬ್ಬ ನನಗೆ ಒಂದು ಸಾಲು ಬರೆಯಲಿಲ್ಲ.

ನನಗೆ ಬೇಕಾಗಿರುವುದು ಹಾರವೂ ಅಲ್ಲ, ಸೂಪೂ ಅಲ್ಲ. ನೀನು ಹೇಳಿದ್ದು ಸರಿ, ನಾವು ನಿನ್ನನ್ನು ಸುಳ್ಳಿ ಮಾಡಿದೆವು ಎಂದು ಆ ಊರಿನ ಬಾಯಿಂದ ಒಂದು ಸಲ ಕೇಳಬೇಕು. ಅಷ್ಟಕ್ಕಾಗಿ ಬರುತ್ತೇನೆ. ಲೆಂಪಿಯ ಒಳ್ಳೆಯ ಕೋಟು ಕೇಳಿದ್ದೇನೆ. ಕೊಡಲು ಅವಳಿಗೆ ಪ್ರಾಣಸಂಕಟ.

ಅಮ್ಮ

*

ಹಾಪಸಾಲ್ಮಿ
ಏಪ್ರಿಲ್ 30

ಅಮ್ಮ,

ನೀನು ಬಸ್ಸು ಹತ್ತಿದ ಮೇಲೂ ನನ್ನ ಸಿಟ್ಟು ಇಳಿದಿಲ್ಲ. “ಹಿಂದಿನ ಅನುಭವಗಳಿಂದ ನಾವೆಲ್ಲರೂ ಕಲಿತಿದ್ದೇವೆ” ಅಂತೆ! ಇದೇನಾ ಆ ನಾಲ್ಕು ಮಾತು? ನಿನ್ನ ಹೆಸರು ಸಹ ಎತ್ತದೆ ಹೈನೋನೆನ್ ಸೂಪಿನ ತಟ್ಟೆ ಹಿಡಿದು ಕೂತುಬಿಟ್ಟ. ಮುಂದಿನ ಸಾಲಿನಲ್ಲಿ ನೀನು ಇನ್ನೂ ಏನೋ ಬರುತ್ತದೆ ಎಂದು ಕತ್ತೆತ್ತಿ ಕಾಯುತ್ತಿದ್ದೆ. ನಿನ್ನನ್ನು ಕರೆಸಿ ಮತ್ತೊಂದು ಸಲ ಅವಮಾನ ಮಾಡಿಸಿದೆ ಎನಿಸಿ ನಾಚಿಕೆಯಿಂದ ಸತ್ತೆ.

ಆದರೂ ಹಾರ ಚೆನ್ನಾಗಿ ಕಾಣುತ್ತಿತ್ತು ಅಲ್ಲವೇ? ಡೇರೆಯನ್ನು ಹಳಿಯ ಮೇಲೆ ಪಕ್ಕಕ್ಕೆ ಸರಿಸಿದ್ದು ನಾನೇ, ನೀನು ಅದನ್ನು ಆಕಾಶದ ಕೆಳಗೆ ನೋಡಲಿ ಎಂದು. ಕೊನೆಯಲ್ಲಿ ಬಿದ್ದ ಹಿಮಮಳೆಗೆ ನಿನ್ನ ಕೋಟು ನೆನೆಯಿತು. ದೊಡ್ಡಮ್ಮನಿಗೆ ನನ್ನ ಪರವಾಗಿ ಕ್ಷಮೆ ಕೇಳು. ಮರದ ಮೇಲೆ ಬಿದ್ದದ್ದು ಅಷ್ಟಿಷ್ಟು, ಒರೆಸಿದೆವು.

ಮೆರ್ವಿ

*

ಇನಾರಿ
ಮೇ 8

ಮೆರ್ವಿ,

ಹೈನೋನೆನ್ ಬಿಡು. ಅವನ ಬಾಯಲ್ಲಿ ಕ್ಷಮೆ ಎನ್ನುವ ಪದಕ್ಕೆ ಜಾಗವೇ ಇಲ್ಲ, ಅಷ್ಟು ಬಟಾಣಿ ತುಂಬಿಕೊಂಡಿದ್ದ. ನೀನು ಯಾಕೆ ನಾಚುತ್ತೀಯ? ತೊಲೆಗಳ ನಡುವಿನಿಂದ ಕಂಡ ಆ ಆಕಾಶ, ಕೆಳಗೆ ಹಳದಿ ಟೋಪಿ ಹಾಕಿಕೊಂಡು ಓಡಾಡುತ್ತಿದ್ದ ನೀನು, ಅಷ್ಟು ನೋಡಿ ನನ್ನ ಹೊಟ್ಟೆ ತುಂಬಿತು. ಕೋಟಿನ ವಿಷಯದಲ್ಲಿ ಲೆಂಪಿ ಇನ್ನೂ ಮಾತು ಬಿಟ್ಟಿದ್ದಾಳೆ, ಮನೆಯಲ್ಲಿ ನೆಮ್ಮದಿ.

ಬರುವಾಗ ದಾರಿಯುದ್ದಕ್ಕೂ ಗಾಳಿ, ಹಿಮಮಳೆ. ಬಸ್ಸೇ ಅಲುಗಾಡುತ್ತಿತ್ತು. ನಿನ್ನ ಡೇರೆಯನ್ನು ಆವತ್ತೇ ಮುಚ್ಚಿದೆ ತಾನೆ?

ಅಮ್ಮ

*

ಹಾಪಸಾಲ್ಮಿ
ಜೂನ್ 18

ಪ್ರೀತಿಯ ಅಮ್ಮ,

ಬರೆಯಲು ತಡವಾಯಿತು, ಬೈಯಬೇಡ. ಈ ಸಲದ ಬೇಸಿಗೆ ಹಬ್ಬಕ್ಕೆ ಬರಲಾಗುವುದಿಲ್ಲ. ಬೆಂಕಿ ಹಾಕುವಾಗ, ಸೌನಾದ ಬಿಸಿ ಹಬೆಯಲ್ಲಿ ಕೂರುವಾಗ ನನ್ನನ್ನು ನೆನೆಸಿಕೊ. ಇಲ್ಲಿ ಒಣಗಿಸುವ ಫ್ಯಾನುಗಳ ಗದ್ದಲದಲ್ಲಿ ತಲೆ ಚಿಟ್ಟುಹಿಡಿದಿದೆ. ರೈಮೋಗೆ ಇದ್ದಕ್ಕಿದ್ದ ಹಾಗೆ ಭಯ ಹತ್ತಿಕೊಂಡಿದೆ. ಕೆಲಸ ನಿಲ್ಲಿಸೋಣ, ಕಾಯೋಣ ಎನ್ನುತ್ತಾನೆ. ಮಕ್ಕಳು ಎರಡು ವರ್ಷದಿಂದ ತಗಡಿನ ಡಬ್ಬಿಗಳಂಥ ತಾತ್ಕಾಲಿಕ ಕೋಣೆಗಳಲ್ಲಿ ಪಾಠ ಕೇಳುತ್ತಿದ್ದಾರೆ, ಆಗಸ್ಟಿಗೆ ಹೊಸ ಶಾಲೆ ಎಂದು ಎಲ್ಲರಿಗೂ ಹೇಳಿಯಾಗಿದೆ. ಹೈನೋನೆನ್ ದಿನಕ್ಕೊಂದು ಸಲ ಬಂದು “ಏನಮ್ಮಾ, ಆಗುತ್ತೋ ಇಲ್ವೋ?” ಎನ್ನುತ್ತಾನೆ. ಎಲ್ಲ ಕಡೆಯಿಂದಲೂ ನನ್ನನ್ನೇ ಕಿತ್ತು ತಿನ್ನುತ್ತಾರೆ. ನಿನ್ನೆ ನೆಲದ ಮೇಲೆ ಹಲಗೆ ಹೊಡೆಸಿ ಮುಚ್ಚಿಸಿದೆ.

ಒಳ್ಳೆಯ ಸುದ್ದಿಯೂ ಇದೆ. ನಮ್ಮ ಶಾಲೆಯನ್ನು ಹಸಿರು ಕಟ್ಟಡದ ಬಹುಮಾನಕ್ಕೆ ಆರಿಸಿದ್ದಾರೆ. ಸೆಪ್ಟೆಂಬರಿನಲ್ಲಿ ತಾಂಪೆರೆಯಲ್ಲಿ ಭಾಷಣಕ್ಕೆ ಕರೆದಿದ್ದಾರೆ: ಇಂಥ ಕೆಲಸವನ್ನು ಯಶಸ್ವಿಯಾಗಿ ನಡೆಸುವುದು ಹೇಗೆ ಎಂದು ಬೇರೆ ಊರಿನವರಿಗೆ ನಾನು ಹೇಳಿಕೊಡಬೇಕಂತೆ.

ಮೆರ್ವಿ

*

ಇನಾರಿ
ಆಗಸ್ಟ್ 15

ಬಹುಮಾನದ ಮಗಳೇ,

ಪೇಪರಿನಲ್ಲಿ ನಿನ್ನ ಫೋಟೋ ಬಂತು. ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಮನೆಗೆ ಬಂದವರೆಲ್ಲ ಹಾಲು ಬೇಕೆಂದರೆ ಮೊದಲು ನಿನ್ನ ಮುಖ ನೋಡಬೇಕು. ಅಂಗಡಿಯಲ್ಲೂ ತೋರಿಸಿದೆ. ಲೆಂಪಿ “ಸಾಕು ಮಾಡೇ, ಜನ ಓಡಿಹೋಗ್ತಾರೆ” ಎನ್ನುತ್ತಾಳೆ. ಓಡಲಿ! ಬೂಷ್ಟು ನನ್ನ ತಲೆಯಲ್ಲಿದೆ ಎಂದ ಊರಿನಲ್ಲಿ ನನ್ನ ಮಗಳು ಬೂಷ್ಟೇ ಬರದ ಶಾಲೆ ಕಟ್ಟಿದ್ದಾಳೆ. ಇಷ್ಟು ಜಂಬಕ್ಕೂ ನನಗೆ ಹಕ್ಕಿಲ್ಲವೇ?

ದನಿ ಸುಧಾರಿಸಿದೆ. ಲೆಂಪಿಗೆ ಪೇಪರಿನ ಒಂದು ಪುಟ ಪೂರ್ತಿ ಓದಿ ಹೇಳಿದೆ. ಅವಳು ನಿದ್ದೆ ಹೋದಳು, ಅದು ಬೇರೆ ಮಾತು.

ಡೇರೆಯ ವಿಷಯ ಕೇಳಿದ್ದೆ, ನೀನು ಬರೆಯಲೇ ಇಲ್ಲ. ಹೋಗಲಿ, ಈಗ ಕಟ್ಟಡವೇ ಮುಗಿಯಿತಲ್ಲ.

ಅಮ್ಮ

*

ತಾಂಪೆರೆ
ಸೆಪ್ಟೆಂಬರ್ 21

ಅಮ್ಮ,

ಹೋಟೆಲಿನಿಂದ ಬರೆಯುತ್ತಿದ್ದೇನೆ. ಭಾಷಣ ಚೆನ್ನಾಗಿ ಆಯಿತು. ಮರ ಒದ್ದೆಯಾದರೆ ಏನೇ ಆಗಲಿ ಕೆಲಸ ನಿಲ್ಲಿಸಿ ಎಂದು ಶುರುಮಾಡಿದೆ. ಎಲ್ಲರೂ ಬರೆದುಕೊಂಡರು. ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

ಶಾಲೆಯಲ್ಲಿ ಸಣ್ಣಪುಟ್ಟ ರಗಳೆ ಇದ್ದದ್ದೇ. ಒಬ್ಬ ಟೀಚರಿಗೆ ಏನೋ ವಾಸನೆಯಂತೆ. ಹೊಸ ಕಟ್ಟಡ ಎಂದಮೇಲೆ ಹೊಸ ವಾಸನೆ ಇರುತ್ತದೆ. ಕೆಲವರಿಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತದೆ.

ಊಟ ಸೇರಲಿಲ್ಲ. ಸುಸ್ತಾಗಿದೆ. ಮಲಗುತ್ತೇನೆ.

ಮೆರ್ವಿ

*

ಇನಾರಿ
ಅಕ್ಟೋಬರ್ 19

ಮೆರ್ವಿ,

ಭಾನುವಾರ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಿದ್ದಳು. ಶರತ್ಕಾಲದ ರಜೆಯಲ್ಲಿ ದಿನವಿಡೀ ಬಸ್ಸಿನಲ್ಲಿ ಕೂತು, ನನ್ನನ್ನೇ ಹುಡುಕಿಕೊಂಡು. ಹೆಸರು ವಿಲ್ಮಾ. ನಿನ್ನ ಶಾಲೆಯಲ್ಲಿ ಮೂರನೆಯ ತರಗತಿಯ ಟೀಚರು. ಶಾಲೆಯ ಅಡುಗೆಯವಳು ಹೇಳಿದಳಂತೆ, ಹಿಂದೆ ಇಲ್ಲಿ ಐಲಿ ಅಂತ ಒಬ್ಬಳಿದ್ದಳು, ಅವಳಿಗೂ ಹೀಗೇ ಆಗಿತ್ತು ಎಂದು.

ಅವಳು ಬಾಯಿ ತೆರೆದಳು. ನನ್ನ ದನಿ ಕೇಳಿಸಿತು, ಮೆರ್ವಿ. ಅದೇ ಬಿರುಕು, ಅದೇ ಗಾಳಿ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ನೆಲಮಾಳಿಗೆಯ ವಾಸನೆ ಹೊಡೆಯುತ್ತದಂತೆ. ಮಕ್ಕಳಲ್ಲಿ ಇಬ್ಬರು ಮೂವರು ಕೆಮ್ಮುತ್ತಾರಂತೆ. ಮೇಲಿನವರಿಗೆ ಹೇಳಿದರೆ ಕೇಳುವುದಿಲ್ಲವಂತೆ. ಹೇಳುತ್ತ ಹೇಳುತ್ತ ಅತ್ತಳು. “ನನಗೆ ನಿಜವಾಗ್ಲೂ ತಲೆ ಕೆಟ್ಟಿದೆಯಾ ಐಲಿ?” ಅಂದಳು. ನಾನು ಅವಳ ಕೈ ಹಿಡಿದುಕೊಂಡು ನಕ್ಕೆ. ಏನಂದೆ ಗೊತ್ತೇ? “ಅಯ್ಯೋ ಮಗಾ, ಅದಕ್ಕೆ ಇಷ್ಟು ದೂರ ಬಂದ್ಯಾ? ಆ ಶಾಲೆ ಕಟ್ಟಿಸಿದೋಳೇ ನನ್ನ ಮಗಳು. ಮೆರ್ವಿ ಹತ್ರ ಹೋಗು. ಇಡೀ ಫಿನ್ಲೆಂಡಿನಲ್ಲಿ ನಿನ್ನ ಮಾತು ತಳ್ಳಿಹಾಕದೇ ಇರೋಳು ಅಂದ್ರೆ ಅವಳೊಬ್ಬಳೇ.” ಎಳೆದುಕೊಂಡು ಹೋಗಿ ಫ್ರಿಜ್ಜಿನ ಮೇಲಿನ ಫೋಟೋ ತೋರಿಸಿದೆ.

ನೀನು ಗಂಡನ ಮನೆಯ ಹೆಸರು ಇಟ್ಟುಕೊಂಡಿದ್ದೀಯಲ್ಲ, ಪಾಪ, ನೀನು ನನ್ನ ಮಗಳೆಂದು ಅವಳಿಗೆ ಗೊತ್ತಿರಲಿಲ್ಲ. ಫೋಟೋ ನೋಡಿದಳು. ಕಾಫಿ ಚೆನ್ನಾಗಿದೆ ಎಂದಳು. ಏಲಕ್ಕಿ ಬನ್ನು ಅರ್ಧಕ್ಕೆ ಬಿಟ್ಟು ಕೋಟು ಹಾಕಿಕೊಂಡಳು. ಬಾಗಿಲಲ್ಲಿ “ಕ್ಷಮಿಸು” ಅಂದಳು. ಯಾಕೆ ಎಂದು ನನಗೆ ಹೊಳೆಯಲೇ ಇಲ್ಲ. ಏನು ಹುಡುಗಿಯೋ, ಬನ್ನೂ ತಿನ್ನಲಿಲ್ಲ ಎಂದು ಲೆಂಪಿಯ ಹತ್ತಿರ ಗೊಣಗಿದೆ. ಲೆಂಪಿ ಪಾತ್ರೆ ಒರೆಸುತ್ತ ನನ್ನ ಕಡೆ ತಿರುಗದೆ ಹೇಳಿದಳು. “ಆ ಹುಡುಗಿ ಆಗ್ಲೇ ಮೆರ್ವಿ ಹತ್ರ ಹೋಗಿ ಬಂದಿದಾಳೆ ಕಣೇ, ಐಲಿ.”

ಹೌದೇ?

ಅಮ್ಮ

*

ಹಾಪಸಾಲ್ಮಿ
ಅಕ್ಟೋಬರ್ 25

ಅಮ್ಮ,

ಹೌದು.

ಇಷ್ಟಕ್ಕೇ ನಿಲ್ಲಿಸಿದರೆ ನೀನು ಕ್ಷಮಿಸುವುದಿಲ್ಲ. ಪೂರ್ತಿ ಬರೆದರೂ ಕ್ಷಮಿಸುವುದಿಲ್ಲ, ಅದು ಗೊತ್ತು.

ಹಾರ ಕಟ್ಟಿದ ಹಬ್ಬದ ದಿನ ಡೇರೆ ಸರಿಸಬೇಡ ಎಂದು ರೈಮೋ ಬಡಕೊಂಡ. “ಗಾಳಿ ಬರ್ತಿದೆ ಮೆರ್ವಿ. ಒಂದ್ಸಲ ಗಾಳಿ ಎದ್ದರೆ ಇದನ್ನ ವಾಪಸ್ ಎಳೆಯೋಕಾಗಲ್ಲ, ಹಾರಿಸಿಕೊಂಡು ಹೋಗುತ್ತೆ” ಅಂದ. ಒಂದೇ ಒಂದು ಮಧ್ಯಾಹ್ನ ಎಂದೆ. ಒಳಗೆ ಮಬ್ಬು, ಹಾರ ಪ್ಲಾಸ್ಟಿಕ್ಕಿನ ಕೆಳಗೆ ನೇತಾಡುವುದು ನನಗೆ ಬೇಕಿರಲಿಲ್ಲ. ನೀನು ಅದನ್ನು ನೋಡಬೇಕು, ನೀನು ನೋಡುವುದನ್ನು ಊರು ನೋಡಬೇಕು. ನೀನು ಹೋದ ಮೇಲೆ ಗಾಳಿ ಎದ್ದಿತು. ವಾರ ಕಳೆದರೂ ಇಳಿಯಲಿಲ್ಲ. ನಾನು ನಿನಗೆ ‘ಒರೆಸಿದೆವು’ ಎಂದು ಬರೆಯುತ್ತಿದ್ದಾಗ ಹೊರಗೆ ಹಿಮಮಳೆ ತೊಲೆಗಳ ನಡುವೆ ನೆಲದ ಮೇಲೆ ಬೀಳುತ್ತಲೇ ಇತ್ತು.

ಒಣಗಿಸಿದೆವು. ಮೇಲೆ ಒಣಗಿತು, ಅಡಿಯಲ್ಲಿ ಇಲ್ಲ. ತೇವ ಅಳೆಯುವ ಸೂಜಿ ಚುಚ್ಚಿದಾಗಲೆಲ್ಲ ಒದ್ದೆ ಎಂದೇ ತೋರಿಸಿತು. ನಿಲ್ಲಿಸೋಣ ಎಂದ ರೈಮೋಗೆ “ಕೆಲಸ ನಂದು, ಜವಾಬ್ದಾರಿ ನಂದು, ನೀನು ಮುಚ್ಚು” ಎಂದು ಕೂಗಾಡಿದೆ. ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರೆ. ಡೇರೆ ತೆಗೆಸಿದ್ದು ಯಾರು ಎಂದು ಕೇಳುತ್ತಾರೆ. ಅಮ್ಮನಿಗೆ ತೋರಿಸಲು ಎಂದು ಹೇಗೆ ಹೇಳಲಿ? ಐಲಿ ಈ ಶಾಲೆಯನ್ನೂ ಕೆಡಿಸಿದಳು ಎನ್ನುತ್ತಿದ್ದರು.

ವಿಲ್ಮಾ ನನ್ನ ಆಫೀಸಿಗೆ ಬಂದಾಗ ಅವಳ ಮಾತು ಮುಗಿಯುವ ಮುಂಚೆಯೇ ಎದ್ದು ಹೋಗಿ ಅವಳ ಭುಜದ ಮೇಲೆ ಕೈಯಿಟ್ಟೆ. “ನಿನಗೆ ಹಾಗೆ ಅನಿಸ್ತಾ ಇದೆ ಅಷ್ಟೇ” ಅಂದೆ. ಬಹಳ ಮೃದುವಾಗಿ ಅಂದೆ, ಅಮ್ಮ. ಅವಳು ಹೋದ ಮೇಲೆ ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ತಾಂಪೆರೆಗೆ ಹೋಗಿ ಚಪ್ಪಾಳೆ ಹೊಡೆಸಿಕೊಂಡು ಬಂದೆ.

ನಿನ್ನ ಮುಖ ನೋಡುವ ಯೋಗ್ಯತೆ ನನಗಿಲ್ಲ.

ಮೆರ್ವಿ

*

ಇನಾರಿ
ಅಕ್ಟೋಬರ್ 31

ಮೆರ್ವಿ,

ನನ್ನ ಮುಖ ನೋಡುವುದು ಆಮೇಲೆ ಆಗಲಿ. ವಿಲ್ಮಾಳ ಮುಖ ನೋಡು.

ನೀನು ಬರೆದದ್ದನ್ನು ಓದಿ ಮೊದಲು ಫ್ರಿಜ್ಜಿನ ಮೇಲಿನ ಫೋಟೋ ಕಿತ್ತೆ. ಅಂಗಡಿಯಲ್ಲಿ ಎಷ್ಟು ಜನರಿಗೆ ತೋರಿಸಿದ್ದೆ ಎಂದು ನೆನೆದರೆ ಮೈಯೆಲ್ಲ ಉರಿಯುತ್ತದೆ. ಹೈನೋನೆನ್ ಮೇಲೆ ನನಗೆ ಕೋಪವಿತ್ತು. ಕೋಪ ಇಟ್ಟುಕೊಂಡು ಬದುಕಬಹುದು, ಬದುಕಿದೆ. ಹೆತ್ತ ಮಗಳ ವಿಷಯದಲ್ಲಿ ನಾಚಿಕೆ ಇಟ್ಟುಕೊಂಡು ಹೇಗೆ ಬದುಕುವುದು ಎಂದು ನನಗೆ ಯಾರೂ ಕಲಿಸಿಲ್ಲ.

ಎಲ್ಲ ಅಮ್ಮನಿಗಾಗಿ ಎಂದು ನನ್ನ ತಲೆಗೆ ಕಟ್ಟಬೇಡ. ಡೇರೆ ಸರಿಸಿದ್ದು ನನಗಾಗಿ, ಒಪ್ಪಿದೆ. ಆ ಆಕಾಶ ನೋಡಿ ಹಿಗ್ಗಿದವಳು ನಾನೇ. ನೆಲ ಮುಚ್ಚಿಸಿದ್ದು ನಿನಗಾಗಿ. ಮಕ್ಕಳು ಕೆಮ್ಮುತ್ತಿದ್ದಾರೆ ಎಂದು ತಿಳಿದ ಮೇಲೂ ನೀನು ಊಟ ಮಾಡಿದ್ದೀಯ, ನಿದ್ದೆ ಮಾಡಿದ್ದೀಯ.

ಆ ನೆಲ ತೆಗೆಸು. ನೀನು ತೆಗೆಸದಿದ್ದರೆ ನಾನೇ ಬಂದು ವಿಲ್ಮಾಳ ಕೋಣೆಯಲ್ಲಿ ಕೂರುತ್ತೇನೆ. ಇರುವ ಈ ಚೂರು ದನಿಯೂ ಹೋಗುವ ತನಕ ಕೂರುತ್ತೇನೆ. ಆಗಲಾದರೂ ನಿನ್ನ ಸೂಜಿ ಹೇಳಿದ್ದನ್ನು ನಂಬುತ್ತೀಯೋ ನೋಡೋಣ.

ಐಲಿ

*

ಹಾಪಸಾಲ್ಮಿ
ನವೆಂಬರ್ 7

ಅಮ್ಮ,

ಬರಬೇಡ. ತೆಗೆಸಿದೆ.

ಮಕ್ಕಳನ್ನು ಹೊರಗೆ ಕಳಿಸಿ ರೈಮೋ ಮತ್ತು ನಾನು ವಿಲ್ಮಾಳ ಕೋಣೆಯ ನೆಲ ಕೊಯ್ದೆವು. ಅವನು ಒಂದು ಹಲಗೆ ಎತ್ತಿ, ಅದರ ಅಡಿಭಾಗವನ್ನು ನನ್ನ ಕಡೆ ತಿರುಗಿಸಿ ಹಿಡಿದ. ಕಪ್ಪು. ಪಕ್ಕದ ಕೋಣೆಯಲ್ಲೂ ಹಾಗೇ. ‘ನಾನು ಹೇಳಿರಲಿಲ್ಲವೇ’ ಎಂದಾದರೂ ಅವನು ಅಂದಿದ್ದರೆ ಚೆನ್ನಾಗಿತ್ತು.

ಶಾಲೆ ಮುಚ್ಚಿದೆ. ಮಕ್ಕಳೆಲ್ಲ ಮತ್ತೆ ಆ ತಗಡಿನ ಡಬ್ಬಿಗಳಿಗೆ, ಈ ಚಳಿಯಲ್ಲಿ. ಕೊಳವೆಯೊಂದು ಸೋರಿದೆ ಎಂದು ಹೇಳಿದರೆ ಸಾಕು, ಯಾರ ಹೆಸರೂ ಬರುವುದಿಲ್ಲ ಎಂದ ಹೈನೋನೆನ್, ನಾನು ಹೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೇ ಬಂದಿದ್ದ. ಅವನು ಹೋದ ಮೇಲೂ ಆ ಹಾಳೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದೆ. ನಿನಗೆ ಸುಳ್ಳು ಬರೆಯಲಾರೆ: ಅದನ್ನೇ ಓದಿಬಿಡೋಣ ಎಂದು ಮನಸ್ಸಾಗಿತ್ತು.

ಗುರುವಾರ ಚರ್ಚಿನ ಸಭಾಂಗಣದಲ್ಲಿ ತಂದೆತಾಯಿಯರ ಸಭೆ. ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ಕೆಲಸ ಹೇಗೂ ಹೋಗುತ್ತದೆ, ಇನ್ನು ಮುಂದೆ ಯಾರೂ ಕೊಡುವುದೂ ಇಲ್ಲ. ಅದಕ್ಕಲ್ಲ ಹೆದರಿಕೆ. ಎದುರಿಗೆ ವಿಲ್ಮಾ ಕೂತಿರುತ್ತಾಳೆ.

ಮೆರ್ವಿ

*

ಇನಾರಿ
ನವೆಂಬರ್ 16

ಮೆರ್ವಿ,

ಬಂದಿದ್ದೆ. ಬೇಡ ಎಂದವಳ ಮಾತು ಕೇಳುವ ವಯಸ್ಸು ನನ್ನದಲ್ಲ. ಕೋಟು ನೇತುಹಾಕುವ ಗೂಟಗಳ ಹತ್ತಿರ, ಕೊನೆಯ ಬೆಂಚಿನಲ್ಲಿ, ಲೆಂಪಿಯ ಟೋಪಿ ಹಣೆಯ ತನಕ ಎಳೆದುಕೊಂಡು ಕೂತಿದ್ದೆ. ಯಾರೂ ಗುರುತು ಹಿಡಿಯಲಿಲ್ಲ, ನೀನೂ ಸಹ.

ನೀನು ಎದ್ದು ನಿಂತಾಗ ನಿನ್ನ ಕೈಯಲ್ಲಿ ಒಂದು ಹಾಳೆಯಿತ್ತು. ಹೈನೋನೆನ್ ಬರೆದದ್ದೇ ಎಂದುಕೊಂಡೆ. ನೀನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಡೇರೆಯ ಕತೆ ಶುರುಮಾಡಿದೆ, ಅಮ್ಮನಿಗೆ ತೋರಿಸಲು ತೆಗೆಸಿದೆ ಎಂದೂ ಹೇಳಿದೆ. ನನ್ನ ಮುಂದಿನ ಬೆಂಚಿನಿಂದ ಒಬ್ಬ “ಮತ್ತೆ ಅದೇ ಐಲಿ ಪುರಾಣ ಬಂತಪ್ಪಾ!” ಎಂದು ಕೂಗಿದ. ಜನ ನಕ್ಕರು. ಹೈನೋನೆನ್ “ಸಾಕು, ಕೂತ್ಕೋ” ಎಂದು ನಿನ್ನ ತೋಳು ಜಗ್ಗಿದ. ನೀನು ಕೂರಲಿಲ್ಲ.

ಆಮೇಲೆ ವಿಲ್ಮಾಳ ಕಡೆ ತಿರುಗಿದೆ. “ನೀನು ಹೇಳಿದ್ದು ಸರಿ, ವಿಲ್ಮಾ. ಅದು ನಿನಗೆ ಅನಿಸಿದ್ದಲ್ಲ. ನೆಲ ಒದ್ದೆ ಇದೆ ಅಂತ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನ ಸುಳ್ಳಿ ಮಾಡಿದೆ.” ಆಗ ಯಾರೂ ನಗಲಿಲ್ಲ. ನೀನು ಕೈ ಚಾಚಿದೆ. ಅವಳು ಹಿಡಿಯಲಿಲ್ಲ, ಚೀಲ ತೆಗೆದುಕೊಂಡು ಹೊರಟುಹೋದಳು. ಅವಳ ಮೇಲೆ ಬೇಸರ ಮಾಡಿಕೊಳ್ಳಬೇಡ. ನಾನಾಗಿದ್ದರೂ ಹಿಡಿಯುತ್ತಿರಲಿಲ್ಲ.

ಎದ್ದು ನಿನ್ನ ಹತ್ತಿರ ಬರಬೇಕು ಎನಿಸಿತು. ಬರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯಾಕೆ ಎಂದು ಯೋಚಿಸಿದೆ. ಆ ಊರಿನ ಬಾಯಿಂದ ಆ ಮಾತನ್ನು ಕೇಳಬೇಕು ಎಂದು ಇಷ್ಟು ವರ್ಷ ಕಾದಿದ್ದೆ. ಹೈನೋನೆನ್ ಹೇಳಿದ ಹಾಗೆ, ಅಂಗಡಿಯ ಗಂಡಸರು ಹೇಳಿದ ಹಾಗೆ ಎಷ್ಟು ಸಲ ಕನಸು ಕಂಡಿದ್ದೆನೋ. ಕೊನೆಗೂ ಕೇಳಿದೆ. ನಾನು ಕೇಳಬೇಕೆಂದಿದ್ದದ್ದೇ, ಒಂದು ಪದವೂ ಹೆಚ್ಚುಕಮ್ಮಿಯಿಲ್ಲ. ಹೇಳುತ್ತಿದ್ದವಳ ಮುಖ ಮಾತ್ರ ನೋಡಲಾಗಲಿಲ್ಲ. ತಲೆ ತಗ್ಗಿಸಿಕೊಂಡು ಕೇಳಿದೆ.

ನಿನ್ನ ಅಮ್ಮ